ಅಗ್ಗದ ಹಳೆಯ ಫಿಯೆಟ್: ಎಂಜಿನ್ನಿಗೆ ನೆಂಟರಿದ್ದಾರೆ, ಬಾಗಿಲಿಗಿಲ್ಲ

ಬೋರನಕಣಿವೆ: ಹುಳಿಯಾರು ಸಮೀಪದ ಬೋರನಕಣಿವೆ ಜಲಾಶಯದಿಂದ ಹಿಡಿದು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯವರೆಗೆ ಹಬ್ಬಿರುವ ತೆಂಗಿನ ಸೀಮೆಯಲ್ಲಿ ಕಾರು ಈಗ ಅಂತಸ್ತಿನ ಗುರುತಾಗಿ ಮಾತ್ರ ಉಳಿದಿಲ್ಲ. ರಾತ್ರಿ ವೇಳೆ ತಾಲ್ಲೂಕು ಆಸ್ಪತ್ರೆಗೆ ಧಾವಿಸಬೇಕಾದಾಗ, ಮದುವೆ ಮುಂಜಿಗೆ ಮನೆಮಂದಿಯನ್ನು ಕರೆದೊಯ್ಯಬೇಕಾದಾಗ, ಬೆಂಗಳೂರಿನಲ್ಲಿ ಓದುವ ಮಕ್ಕಳನ್ನು ನೋಡಿಬರಬೇಕಾದಾಗ ಮನೆಯ ಮುಂದೆ ಒಂದು ವಾಹನ ಇರಬೇಕೆಂಬುದು ತೋಟದ ಮನೆಗಳಲ್ಲಿ ವಾಸಿಸುವ ಕುಟುಂಬಗಳ ಸಹಜ ಅಪೇಕ್ಷೆಯಾಗಿದೆ. ಹೊಸ ಕಾರಿನ ಬೆಲೆ ಕೈಗೆಟುಕದವರ ಕಣ್ಣು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯತ್ತ ಹೊರಳುತ್ತದೆ. ಅಲ್ಲಿ ಮೊದಲು ಸೆಳೆಯುವುದು ಇಟಲಿ ಮೂಲದ ಫಿಯೆಟ್ ಕಾರುಗಳು.

ಕಾರಣ ಸರಳ. ಅದೇ ವಯಸ್ಸಿನ, ಅಷ್ಟೇ ಓಡಿರುವ ಮಾರುತಿ ಸ್ವಿಫ್ಟ್‌ಗೆ ಕೇಳುವ ಬೆಲೆಗಿಂತ ಬಹಳಷ್ಟು ಕಡಿಮೆ ಹಣಕ್ಕೆ ಫಿಯೆಟ್ ಪುಂಟೊ ದೊರೆಯುತ್ತದೆ. ಪಾಲಿಯೊ ಇನ್ನೂ ಅಗ್ಗ. ಗಟ್ಟಿಯಾದ ತಗಡು, ಧಡ್ ಎಂದು ಮುಚ್ಚಿಕೊಳ್ಳುವ ಬಾಗಿಲು, ಗುಂಡಿ ಬಿದ್ದ ರಸ್ತೆಯಲ್ಲೂ ಅಲುಗದ ಓಟ - ಇವೆಲ್ಲ ಒಮ್ಮೆ ಓಡಿಸಿ ನೋಡಿದವರನ್ನು ಮರುಳು ಮಾಡುತ್ತವೆ. ಆದರೆ ಕಾರಿನ ಬೆಲೆ ಬೇರೆ, ಕಾರನ್ನು ಸಾಕುವ ಬೆಲೆ ಬೇರೆ. ತೆಂಗಿನಕಾಯಿ ಅಟ್ಟ ಸೇರಿ, ಹತ್ತು ಹನ್ನೊಂದು ತಿಂಗಳು ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆ ತಲುಪಿದ ಮೇಲಷ್ಟೇ ಕೈಗೆ ದುಡ್ಡು ಬರುವ ಸೀಮೆಯಿದು. ವರ್ಷದ ದುಡಿಮೆಯನ್ನು ಒಂದು ಹಳೆಯ ಕಾರಿನ ಮೇಲೆ ಹಾಕುವ ಮುನ್ನ ಆ ಕಾರು ಏಕೆ ಅಗ್ಗ ಎಂಬುದನ್ನು ಅರಿಯುವುದು ಅಗತ್ಯ.

ಬೆಲೆ ಇಳಿದದ್ದೇಕೆ?

ಫಿಯೆಟ್ ಹೆಸರಿನ ಕಾರುಗಳ ತಯಾರಿಕೆ ಭಾರತದಲ್ಲಿ 2019ರಲ್ಲಿ ನಿಂತುಹೋಯಿತು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ಹೊಗೆ ನಿಯಮಕ್ಕೆ ಪುಂಟೊ ಮತ್ತು ಲೀನಿಯಾ ಕಾರುಗಳನ್ನು ಹೊಂದಿಸಲು ಕಂಪನಿ ಮುಂದಾಗಲಿಲ್ಲ. 2021ರ ಜನವರಿಯಲ್ಲಿ ಫಿಯೆಟ್ ಕ್ರೈಸ್ಲರ್ ಸಂಸ್ಥೆಯು ಫ್ರಾನ್ಸಿನ ಪ್ಯೂಜೊ ಸಮೂಹದೊಡನೆ ವಿಲೀನಗೊಂಡು ಸ್ಟೆಲಾಂಟಿಸ್ ಆಯಿತು. ಪುಣೆ ಬಳಿಯ ರಂಜನಗಾಂವ್ ಕಾರ್ಖಾನೆ ಮುಚ್ಚಲಿಲ್ಲವಾದರೂ ಅಲ್ಲಿ ಫಿಯೆಟ್ ಲಾಂಛನದ ಕಾರುಗಳ ಬದಲು ಜೀಪ್ ಹಾಗೂ ಟಾಟಾ ವಾಹನಗಳು ಸಿದ್ಧವಾಗತೊಡಗಿದವು.

ತಯಾರಕನೇ ಹಿಂದೆ ಸರಿದ ಕಾರಿಗೆ ಮರುಮಾರಾಟದ ಬೆಲೆ ಕುಸಿಯುವುದು ಸ್ವಾಭಾವಿಕ. ಆದರೆ ಫಿಯೆಟ್‌ನ ಬೆಲೆ ಕುಸಿತಕ್ಕೆ ಅದಕ್ಕಿಂತ ಹಳೆಯ ಕಾರಣವೂ ಇದೆ. ಎರಡು ದಶಕಗಳಲ್ಲಿ ಈ ಕಾರುಗಳ ಮಾರಾಟ ಮತ್ತು ಸೇವೆಯ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಬಂದಿತು. ಮೊದಲು ಪ್ರೀಮಿಯರ್ ಆಟೊಮೊಬೈಲ್ಸ್, ಬಳಿಕ ಫಿಯೆಟ್‌ನದೇ ಮಳಿಗೆಗಳು, ಆನಂತರ ಟಾಟಾ ಮೋಟಾರ್ಸ್ ಜಾಲ, 2012ರಲ್ಲಿ ಆ ಒಪ್ಪಂದ ಕೊನೆಗೊಂಡ ಮೇಲೆ ಮತ್ತೆ ಸ್ವಂತ ಮಳಿಗೆಗಳು, ಕಡೆಗೆ ಜೀಪ್ ಸೇವಾ ಕೇಂದ್ರಗಳು. ಪ್ರತಿ ಬಾರಿ ಮಳಿಗೆ ಬದಲಾದಾಗಲೂ ಗ್ರಾಹಕರ ನಂಬಿಕೆ ಒಂದಿಷ್ಟು ಕರಗಿತು. ಕಾರಿನಲ್ಲಿ ದೋಷ ಹೆಚ್ಚಿತ್ತು ಎಂಬುದಕ್ಕಿಂತ, ದೋಷ ಬಂದಾಗ ಹೋಗಬೇಕಾದ ಬಾಗಿಲು ಯಾವುದೆಂಬ ಗೊಂದಲವೇ ಹೆಚ್ಚಿತ್ತು ಎನ್ನಬಹುದು.

ಕುರ್ಲಾದಿಂದ ರಂಜನಗಾಂವ್‌ವರೆಗೆ

ಈ ಇಟಲಿ ಕಾರಿನ ಭಾರತೀಯ ಕಥೆಗೆ ಕನ್ನಡ ನಾಡಿನ ನಂಟೂ ಉಂಟು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರು ದೇಶದಲ್ಲಿಯೇ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು ಯೋಜನೆ ರೂಪಿಸಿ ಓಡಾಡಿದ್ದರು. ಆ ಪ್ರಯತ್ನಕ್ಕೆ ಕೈಜೋಡಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೇ 1940ರಲ್ಲಿ ಮೈಸೂರು ಸಂಸ್ಥಾನದ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದವರು. 1944ರಲ್ಲಿ ಅವರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯ ಕುರ್ಲಾದಲ್ಲಿ ಮೊದಲು ಅಮೆರಿಕದ ಕಾರುಗಳನ್ನು, 1950ರ ದಶಕದಿಂದ ಫಿಯೆಟ್ ಕಾರುಗಳನ್ನು ಜೋಡಿಸತೊಡಗಿತು.

1964ರಲ್ಲಿ ಬಂದ ಫಿಯೆಟ್ 1100ಡಿ ಮಾದರಿಯೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯೆಟ್ ಆಗಿಯೇ ಉಳಿಯಿತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬರುವವರೆಗೂ ಸಣ್ಣ ಪಟ್ಟಣದ ವೈದ್ಯರು, ವಕೀಲರು, ಮಂಡಿ ವರ್ತಕರು ಕೊಳ್ಳಬಹುದಾಗಿದ್ದ ಕಾರುಗಳೆಂದರೆ ಮುಖ್ಯವಾಗಿ ಅಂಬಾಸಡರ್ ಇಲ್ಲವೇ ಫಿಯೆಟ್.

1996ರಲ್ಲಿ ಬಿಡುಗಡೆಯಾದ ಯುನೊ ಕಾರಿಗೆ ಲಕ್ಷಗಟ್ಟಲೆ ಮುಂಗಡ ಬುಕಿಂಗ್ ಬಂದರೂ ಕಾರ್ಮಿಕ ಸಮಸ್ಯೆ ಹಾಗೂ ಪೂರೈಕೆಯ ವೈಫಲ್ಯದಿಂದ ಅದು ನೆಲಕಚ್ಚಿತು. 2001ರಲ್ಲಿ ಪಾಲಿಯೊ ಬಂದಾಗ ಕ್ರಿಕೆಟಿಗ ಸಚಿನ್ ತೆಂಡೂಲ್ಕರ್ ಅದರ ಪ್ರಚಾರ ರಾಯಭಾರಿಯಾಗಿದ್ದರು. ಆರಂಭದಲ್ಲಿ ಭರ್ಜರಿಯಾಗಿ ಮಾರಾಟವಾದ ಪಾಲಿಯೊ, ಇಂಧನ ಹೆಚ್ಚು ಕುಡಿಯುತ್ತದೆ ಎಂಬ ಅಪಖ್ಯಾತಿಯಿಂದ ಹಿಂದೆ ಬಿದ್ದಿತು. 2009ರ ಜನವರಿಯಲ್ಲಿ ಲೀನಿಯಾ, ಜೂನ್‌ನಲ್ಲಿ ಗ್ರಾಂಡೆ ಪುಂಟೊ, 2014ರಲ್ಲಿ ಪುಂಟೊ ಇವೊ ಮತ್ತು ಅವೆಂಚುರಾ ಬಂದವು. ಅಲ್ಲಿಗೆ ಕಥೆ ಬಹುಮಟ್ಟಿಗೆ ಮುಗಿಯಿತು.

ಯಾವ ಕಾರು ಯಾರಿಗೆ?

ಅಗ್ಗದ ಫಿಯೆಟ್ ಎಂದರೆ ಇಂದು ಮೂರು ತಲೆಮಾರಿನ ಕಾರುಗಳು. ಮೂರರ ಸ್ವಭಾವವೂ ಬೇರೆ ಬೇರೆ.

ಪದ್ಮಿನಿ ಮೊದಲನೆಯದು. 1089 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಗೇರ್, ಹಳೆಯವುಗಳಲ್ಲಿ ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಸನ್ನೆ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪ್ಯಾನರ್ ಹಿಡಿಯಬಲ್ಲ ಹಳೆಯ ಕಾಲದ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ. ಆದರೆ ಅಂಥ ಮೆಕ್ಯಾನಿಕ್‌ಗಳ ಸಂಖ್ಯೆಯೇ ಇಳಿಯುತ್ತಿದೆ. ಮುಂಬಯಿಯಲ್ಲಿ ಕಾಲುಭಾಗ ಶತಮಾನಕ್ಕೂ ಹೆಚ್ಚು ಕಾಲ ಟ್ಯಾಕ್ಸಿಯೆಂದರೆ ಪದ್ಮಿನಿಯೇ ಆಗಿತ್ತು. 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರ್ ಅಂತ್ಯಕ್ಕೆ ರಸ್ತೆ ಬಿಟ್ಟಿತು. ಅಲ್ಲಿಗೆ ಬಿಡಿಭಾಗ ತಯಾರಿಸುವವರಿಗಿದ್ದ ದೊಡ್ಡ ಗಿರಾಕಿಯೂ ಹೋದಂತಾಯಿತು. ಪದ್ಮಿನಿ ಹವ್ಯಾಸಕ್ಕೆ ಸೈ, ಮನೆಗಿರುವ ಏಕೈಕ ವಾಹನವಾಗಿ ಸಲ್ಲದು.

ಎರಡನೆಯದು ಪಾಲಿಯೊ. 1.2 ಮತ್ತು 1.6 ಲೀಟರ್ ಪೆಟ್ರೋಲ್, 1.9 ಲೀಟರ್ ಡೀಸೆಲ್, ಕೊನೆಗೆ ಸ್ಟೈಲ್ ಎಂಬ ಹೆಸರಿನಲ್ಲಿ 1.1 ಪೆಟ್ರೋಲ್ ಮತ್ತು 1.3 ಮಲ್ಟಿಜೆಟ್ ಡೀಸೆಲ್. 1.6 ಲೀಟರಿನ ಪಾಲಿಯೊ ಓಡಿಸುವ ಸುಖಕ್ಕೆ ಹೆಸರಾದ ಕಾರು. ಆದರೆ ಅದರ ಬಿಡಿಭಾಗ ಹುಡುಕುವ ಕಷ್ಟವೂ ಅಷ್ಟೇ ಹೆಸರುವಾಸಿ. ಬೆಲೆ ಎಷ್ಟೇ ಇಳಿದಿದ್ದರೂ, ಪಕ್ಕದಲ್ಲೊಂದು ಗುಜರಿ ಪಾಲಿಯೊ ಇಟ್ಟುಕೊಳ್ಳದೆ ಓಡಿಸುವುದು ಕಷ್ಟ ಎಂಬ ಮಾತು ತಮಾಷೆಯೂ ಹೌದು, ನಿಜವೂ ಹೌದು.

ಮೂರನೆಯದು ಪುಂಟೊ. ನಿತ್ಯ ಬಳಕೆಯ ದೃಷ್ಟಿಯಿಂದ ಅಗ್ಗದ ಫಿಯೆಟ್‌ಗಳ ಪೈಕಿ ಪರಿಶೀಲಿಸಲು ಯೋಗ್ಯವಾದದ್ದು ಇದೇ. 1172 ಸಿಸಿ ಮತ್ತು 1368 ಸಿಸಿ ಪೆಟ್ರೋಲ್, 1248 ಸಿಸಿ ಡೀಸೆಲ್ ಎಂಜಿನ್‌ಗಳಲ್ಲಿ ಇದು ಬಂದಿತ್ತು. ಕಾರಿನ ತೂಕಕ್ಕೆ ಚಿಕ್ಕ ಪೆಟ್ರೋಲ್ ಎಂಜಿನ್ ಸಾಲದು ಎಂಬ ದೂರು ಸಾಮಾನ್ಯ. ಡೀಸೆಲ್ ಮಾದರಿಯೇ ಹೆಚ್ಚು ಬೇಡಿಕೆಯಲ್ಲಿರುವುದು. ಯುರೋಪಿನ ಗ್ರಾಂಡೆ ಪುಂಟೊ 2005ರ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಗಳಿಸಿತ್ತೆಂಬುದನ್ನು ಮಾರುವವರು ಮರೆಯದೆ ಹೇಳುತ್ತಾರೆ. ಇಲ್ಲಿನ ಕೆಳದರ್ಜೆಯ ಮಾದರಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲವೆಂಬುದನ್ನು ಕೊಳ್ಳುವವರೇ ನೆನಪಿಟ್ಟುಕೊಳ್ಳಬೇಕು. ಗಟ್ಟಿ ತಗಡು ಏರ್‌ಬ್ಯಾಗ್‌ಗೆ ಬದಲಿಯಲ್ಲ.

ಎಂಜಿನ್ನಿನ ನೆಂಟಸ್ತಿಕೆ

ಪುಂಟೊ ಡೀಸೆಲ್‌ನ 1.3 ಮಲ್ಟಿಜೆಟ್ ಎಂಜಿನ್ನೇ ಈ ಕಾರಿಗಿರುವ ದೊಡ್ಡ ಆಸರೆ. ಫಿಯೆಟ್ ಮತ್ತು ಜನರಲ್ ಮೋಟಾರ್ಸ್ ಸೇರಿ ಅಭಿವೃದ್ಧಿಪಡಿಸಿದ ಈ ಎಂಜಿನ್ 2003ರಲ್ಲಿ ತಯಾರಿಕೆಗೆ ಬಂದಿತು. 2005ರಲ್ಲಿ ತನ್ನ ಗಾತ್ರದ ವರ್ಗದಲ್ಲಿ ಅಂತರರಾಷ್ಟ್ರೀಯ ವರ್ಷದ ಎಂಜಿನ್ ಪ್ರಶಸ್ತಿ ಪಡೆಯಿತು. ಇದೇ ಎಂಜಿನ್ನನ್ನು ಮಾರುತಿ ಸಂಸ್ಥೆ 2007ರಲ್ಲಿ ಸ್ವಿಫ್ಟ್ ಕಾರಿಗೆ ಡಿಡಿಐಎಸ್ ಎಂಬ ಹೆಸರಿನಲ್ಲಿ ಅಳವಡಿಸಿತು. ಮುಂದೆ ಡಿಸೈರ್, ರಿಟ್ಜ್, ಎರ್ಟಿಗಾ, ಸಿಯಾಜ್ ಕಾರುಗಳಿಗೂ, ಟಾಟಾದ ವಿಸ್ಟಾ, ಮಾಂಜಾ, ಝೆಸ್ಟ್ ಕಾರುಗಳಿಗೂ ಅದೇ ಮೂಲದ ಎಂಜಿನ್ ಬಂದಿತು. 2020ರ ಏಪ್ರಿಲ್‌ನಲ್ಲಿ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಡುವವರೆಗೂ ಇದು ದೇಶದ ರಸ್ತೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಸಣ್ಣ ಡೀಸೆಲ್ ಎಂಜಿನ್‌ಗಳಲ್ಲೊಂದಾಗಿತ್ತು.

ಇದರ ಫಲಿತಾಂಶ ಕೊಳ್ಳುವವರಿಗೆ ಅನುಕೂಲಕರ. ಹುಳಿಯಾರಿನಲ್ಲಾಗಲಿ ತುರುವೇಕೆರೆಯಲ್ಲಾಗಲಿ, ಸ್ವಿಫ್ಟ್ ಅಥವಾ ಡಿಸೈರ್ ಡೀಸೆಲ್ ಬಿಚ್ಚಿದ ಅನುಭವವಿರುವ ಮೆಕ್ಯಾನಿಕ್‌ಗೆ ಪುಂಟೊ ಎಂಜಿನ್ ಅಪರಿಚಿತವಲ್ಲ. ಎಂಜಿನ್ ಒಳಗಿನ ಅನೇಕ ಬಿಡಿಭಾಗಗಳಿಗೆ ಮಾರುತಿಯ ಅಂಗಡಿಯೇ ದಾರಿ. ಆದರೆ ಎಲ್ಲವೂ ಹೊಂದುತ್ತವೆ ಎಂದಲ್ಲ. ಎಂಜಿನ್ ಕೂರುವ ಮೌಂಟಿಂಗ್, ವೈರಿಂಗ್, ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇವು ಕಾರಿನಿಂದ ಕಾರಿಗೆ ಬೇರೆ. ಟರ್ಬೊದಲ್ಲಿಯೂ ವ್ಯತ್ಯಾಸವುಂಟು: 75 ಅಶ್ವಶಕ್ತಿಯ ಮಾದರಿಗಳಲ್ಲಿ ಸರಳ ಟರ್ಬೊ, 90ರ ಆಸುಪಾಸಿನ ಮಾದರಿಗಳಲ್ಲಿ ಹೆಚ್ಚು ಸಂಕೀರ್ಣವಾದ ಟರ್ಬೊ. ಬಿಡಿಭಾಗ ತರುವ ಮುನ್ನ ಹಳೆಯದರ ಮೇಲಿನ ನಂಬರು ಹೋಲಿಸಿ ನೋಡುವುದು ಕ್ಷೇಮ.

ಈ ಎಂಜಿನ್ನಿನ ಬಲಹೀನತೆ ಆಯಿಲ್. ಕಾಲಕಾಲಕ್ಕೆ ಆಯಿಲ್ ಬದಲಾಯಿಸದಿದ್ದರೆ ಒಳಗೆ ಕೆಸರು ಕಟ್ಟಿ ಟೈಮಿಂಗ್ ಚೈನ್ ಸಡಿಲಗೊಳ್ಳುತ್ತದೆ, ಟರ್ಬೊ ಕೆಡುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೆಲವು ಕ್ಷಣ ಮುಂಭಾಗದಲ್ಲಿ ಸರಪಳಿ ಉಜ್ಜಿದಂಥ ಸದ್ದು ಕೇಳಿದರೆ ಚೈನ್ ಕೆಲಸ ಕಾದಿದೆ ಎಂದೇ ತಿಳಿಯಬೇಕು. ಆದ್ದರಿಂದ ಕಾರು ನೋಡಲು ಹೋಗುವಾಗ ಎಂಜಿನ್ ಬಿಸಿ ಮಾಡಿ ಇಡಬಾರದೆಂದು ಮೊದಲೇ ಹೇಳಿಡುವುದು ಒಳಿತು. ಪೆಟ್ರೋಲ್ ಪಾಲಿಯೊ ಹಾಗೂ ಪುಂಟೊಗಳಲ್ಲಿ ಚೈನ್ ಬದಲು ಟೈಮಿಂಗ್ ಬೆಲ್ಟ್ ಇದೆ. ಬದಲಾಯಿಸಿದ ಬಿಲ್ಲು ತೋರಿಸದಿದ್ದರೆ, ಮೀಟರ್ ಏನೇ ಹೇಳಲಿ, ಕೊಂಡ ವಾರದಲ್ಲೇ ಹೊಸ ಬೆಲ್ಟ್ ಹಾಕಿಸುವುದು ಜಾಣತನ.

ಸಿಗದ ಸಾಮಾನು

ಎಂಜಿನ್ನಿಗೆ ಊರೂರಿನಲ್ಲಿ ನೆಂಟರಿದ್ದಾರೆ. ಬಾಗಿಲಿಗೆ, ದೀಪಕ್ಕೆ, ಗಾಜಿಗೆ ಅಂಥ ನೆಂಟರಿಲ್ಲ. ಫಿಯೆಟ್ ಸಾಕುವ ನಿಜವಾದ ಸವಾಲು ಇರುವುದು ಇಲ್ಲಿಯೇ. ಹೆಡ್‌ಲೈಟ್, ಬಂಪರ್, ಬಾಗಿಲ ಹಿಡಿ, ಕಿಟಕಿ ಏರಿಳಿಸುವ ಯಂತ್ರ, ಮುಂಗಾಜು, ಡ್ಯಾಶ್‌ಬೋರ್ಡಿನ ಗುಂಡಿಗಳು - ಇವು ಬೇರೆ ಕಾರಿನಿಂದ ಬರಲಾರವು. ಪುಂಟೊ ಮತ್ತು ಲೀನಿಯಾ ಒಂದೇ ಬುನಾದಿಯ ಕಾರುಗಳಾದ್ದರಿಂದ ಪರಸ್ಪರ ಕೆಲವು ಭಾಗ ಕೊಟ್ಟು ತೆಗೆದುಕೊಳ್ಳಬಲ್ಲವು. ಪಾಲಿಯೊಗೆ ಅಂಥ ಅನುಕೂಲ ಸಿಯೆನಾ, ಪೆಟ್ರಾ ಕಾರುಗಳಿಂದ ಮಾತ್ರ. ಅವೂ ಈಗ ಅಪರೂಪ.

ಇಂಥ ಸಾಮಾನಿಗೆ ತೆಂಗಿನ ಸೀಮೆಯವರು ಕಡೆಗೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೋ ಶಿವಾಜಿನಗರದ ಗುಜರಿಗೋ ಹೋಗಬೇಕಾಗುತ್ತದೆ. ಸಿಗುವವರೆಗೆ ಕಾರು ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಒಂದು ಹೆಡ್‌ಲೈಟ್‌ಗಾಗಿ ತಿಂಗಳುಗಟ್ಟಲೆ ಕಾರು ನಿಂತರೆ, ರಾತ್ರಿ ಆಸ್ಪತ್ರೆಗೆಂದು ಕೊಂಡ ವಾಹನ ಅಗತ್ಯ ಬಿದ್ದಾಗ ಇಲ್ಲದಂತಾಗುತ್ತದೆ. ಅಗ್ಗದ ಕಾರಿನ ಮುಚ್ಚಿಟ್ಟ ಬೆಲೆ ಎಂದರೆ ಇದೇ.

ಆದ್ದರಿಂದ ಕಾರು ಆರಿಸುವಾಗ ಸಾಮಾನ್ಯ ರೂಢಿಯನ್ನು ತಿರುವುಮುರುವು ಮಾಡಬೇಕು. ಮಾರುತಿ ಕೊಳ್ಳುವವರು ಎಂಜಿನ್ ಚೆನ್ನಾಗಿದ್ದರೆ ಸಾಕು, ಹೊರಗಿನದನ್ನು ಟಿಂಕರಿಂಗ್ ಮಾಡಿಸಿಕೊಳ್ಳೋಣ ಎನ್ನುತ್ತಾರೆ. ಫಿಯೆಟ್ ಕೊಳ್ಳುವವರು ಹೊರಮೈ, ಗಾಜು, ದೀಪ, ಒಳಗಿನ ಎಲೆಕ್ಟ್ರಿಕಲ್ ಕೆಲಸಗಳು ಪೂರ್ತಿ ಇರುವ ಕಾರನ್ನೇ ಆರಿಸಬೇಕು. ಎಂಜಿನ್ನಿನ ಸಣ್ಣಪುಟ್ಟ ದೋಷವನ್ನು ಸರಿಪಡಿಸಿಕೊಳ್ಳಬಹುದು.

ಕೊಳ್ಳುವಾಗ ನೋಡಬೇಕಾದದ್ದು

ಎರಡು ಕೀಲಿಗಳೂ ಇವೆಯೇ ಎಂದು ಮೊದಲು ಕೇಳಬೇಕು. ಪುಂಟೊ, ಲೀನಿಯಾಗಳ ಕೀಲಿಯಲ್ಲಿ ಎಲೆಕ್ಟ್ರಾನಿಕ್ ಸಂಕೇತವಿದ್ದು, ಹೊಸದಾಗಿ ಕೊಂಡಾಗ ಅದರ ಕೋಡ್ ಕಾರ್ಡ್ ಕೊಡಲಾಗುತ್ತಿತ್ತು. ಕಾರ್ಡೂ ಇಲ್ಲ, ಎರಡನೆಯ ಕೀಲಿಯೂ ಇಲ್ಲ ಎಂದಾದರೆ, ಇರುವ ಒಂದು ಕೀಲಿ ಕಳೆದ ದಿನ ದೊಡ್ಡ ಖರ್ಚು ಎದುರಾಗುತ್ತದೆ.

ಎಲ್ಲ ಕಿಟಕಿಗಳನ್ನು ಏರಿಸಿ ಇಳಿಸಿ, ಎಲ್ಲ ದೀಪ ಹಚ್ಚಿ, ಏಸಿ ಹಾಕಿ, ಮೀಟರ್ ಫಲಕದಲ್ಲಿ ಉಳಿಯುವ ಎಚ್ಚರಿಕೆ ದೀಪಗಳನ್ನು ಗಮನಿಸಬೇಕು. ಕೀಲಿ ತಿರುಗಿಸಿದಾಗ ಒಂದು ಕ್ಷಣ ಹೊತ್ತಿ ಆರಬೇಕಾದ ದೀಪ ಹೊತ್ತದೇ ಇದ್ದರೆ ಬಲ್ಬ್ ಕಿತ್ತಿರುವ ಸಾಧ್ಯತೆಯಿದೆ. ಹಿರಿಯೂರಿನಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ ಮಾರ್ಗವಾಗಿ ಮೈಸೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎಯಲ್ಲಿ ಓಡಿಸಿ ನೋಡಿದರಷ್ಟೇ ಸಾಲದು. ತೋಟದ ದಾರಿಯಂಥ ಕಚ್ಚಾ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಸಸ್ಪೆನ್ಷನ್ ಬುಷ್‌ಗಳ ಕಟಕಟ ಸದ್ದಿಗೆ ಕಿವಿಗೊಡಬೇಕು. ಪದ್ಮಿನಿಯಾದರೆ ಕಾಲಡಿಯ ಹಾಸನ್ನು ಎತ್ತಿ ತಗಡು ತುಕ್ಕು ಹಿಡಿದಿದೆಯೇ, ಬಾಗಿಲ ಕೆಳಗಿನ ಪಟ್ಟಿ ಹಾಗೂ ಜಾಕ್ ಕೊಡುವ ಜಾಗ ಗಟ್ಟಿಯಾಗಿದೆಯೇ ಎಂದು ನೋಡಬೇಕು.

ಪೆಟ್ರೋಲ್ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು. ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ, ಬಳಿಕ ದೇಶದಾದ್ಯಂತ ಬಂಕುಗಳಿಗೆ ಬಂದಿತು. ಎಥನಾಲ್‌ಗೆ ಹಳೆಯ ರಬ್ಬರನ್ನು ತಿನ್ನುವ ಗುಣವಿದೆ. ಒಂದೇ ಪ್ರಮಾಣದ ಪೆಟ್ರೋಲ್‌ಗಿಂತ ಶಕ್ತಿಯೂ ಅದರಲ್ಲಿ ಮೂರನೆಯ ಒಂದು ಪಾಲು ಕಡಿಮೆ. ಪದ್ಮಿನಿಯಂಥ ಕಾರ್ಬ್ಯುರೇಟರ್ ಕಾರುಗಳಲ್ಲಿ ಇಂಧನದ ಪೈಪು, ಪಂಪಿನ ಪೊರೆ, ಗ್ಯಾಸ್ಕೆಟ್‌ಗಳನ್ನು ಬದಲಾಯಿಸುವುದು ಅನಿವಾರ್ಯ. ಪೈಪು ಸೋರಿದರೆ ಮೈಲೇಜ್ ಬೀಳುವುದಷ್ಟೇ ಅಲ್ಲ, ಬಾನೆಟ್ ಕೆಳಗೆ ಬೆಂಕಿಯ ಅಪಾಯವೂ ಇದೆ.

ಕಾಗದ ಪತ್ರ ಸರಿಯಿಲ್ಲದಿದ್ದರೆ ಕಾರೇ ಬೇಡ

ಹಳೆಯ ಕಾರಿನ ವ್ಯವಹಾರದಲ್ಲಿ ಹೆಚ್ಚು ಜನ ಮುಗ್ಗರಿಸುವುದು ಎಂಜಿನ್ನಿನಲ್ಲಲ್ಲ, ಆರ್.ಸಿ. ಪುಸ್ತಕದಲ್ಲಿ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಬಳಿಕ ವಾಹನವನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ರಸ್ತೆಯಲ್ಲಿರುವ ಪಾಲಿಯೊಗಳೆಲ್ಲ ಈ ಗೆರೆ ದಾಟಿದ್ದರೆ, 2009ರಲ್ಲಿ ನೋಂದಣಿಯಾದ ಮೊದಲ ಪುಂಟೊಗಳು 2024ರಲ್ಲಿ ದಾಟಿದವು. ಉಳಿದವು ಒಂದೊಂದಾಗಿ ಆ ಸಾಲಿಗೆ ಸೇರುತ್ತಿವೆ. ನವೀಕರಣ ಹತ್ತಿರವಾದಾಗಲೇ ಮಾಲೀಕರು ಕಾರು ಮಾರಲು ಹೊರಡುವುದು ಹೆಚ್ಚು.

ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿಗೆ ಹೆಚ್ಚಿಸಲಾಯಿತು. ಹಸಿರು ತೆರಿಗೆ ಪ್ರತ್ಯೇಕ. ನವೀಕರಣ ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೆಳೆಯುತ್ತದೆ. ಅವಧಿ ಮುಗಿದು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರು ಎಷ್ಟೇ ಅಗ್ಗವಾಗಿ ಕಂಡರೂ ಈ ಬಾಕಿಯನ್ನು ಲೆಕ್ಕ ಹಾಕಿಯೇ ಬೆಲೆ ಕಟ್ಟಬೇಕು. ನವೀಕರಣ ಮುಗಿಸಿ ಕೊಡುವ ಹೊಣೆಯನ್ನು ಮಾರುವವರ ಮೇಲೆ ಹಾಕುವುದೇ ಉತ್ತಮ.

ಸ್ಟಾಂಪ್ ಪೇಪರ್ ಮೇಲೆ ಕರಾರು ಬರೆದು, ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ ಪಡೆದು, ವರ್ಗಾವಣೆಯನ್ನು ಮುಂದೂಡುವ ಪದ್ಧತಿ ಹಳ್ಳಿ-ಪಟ್ಟಣಗಳಲ್ಲಿ ಇನ್ನೂ ನಿಂತಿಲ್ಲ. ಇದು ಇಬ್ಬರಿಗೂ ಅಪಾಯಕಾರಿ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂಬುದು 1988ರ ಮೋಟಾರು ವಾಹನ ಕಾಯ್ದೆಯ ನಿಯಮ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಸ್ಪಷ್ಟ: ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ. ಎಂದೋ ಮಾರಿದ ಕಾರಿನ ಅಪಘಾತಕ್ಕೆ ತೋಟ ಮಾರಿ ಪರಿಹಾರ ಕಟ್ಟುವ ಪರಿಸ್ಥಿತಿ ಯಾರಿಗೂ ಬೇಡ.

ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಭಾಗದವರಿಗೆ ಈ ಕೆಲಸ ತಿಪಟೂರಿನ ಸಾರಿಗೆ ಕಚೇರಿಯಲ್ಲಿ, ಅಂದರೆ ಕೆಎ-44ರಲ್ಲಿ. ಕೊಳ್ಳುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ವಾಹನದ ನಂಬರು ಹಾಕಿ ನೋಂದಣಿ, ವಿಮೆ, ಸಾಲದ ವಿವರಗಳನ್ನು ನೋಡಬಹುದು. ಹಿಂದೆ ಸಾಲವಿದ್ದು ತೀರಿದ್ದರೆ ಫೈನಾನ್ಸ್ ಸಂಸ್ಥೆಯ ಸಹಿಯುಳ್ಳ ಫಾರಂ 35 ಕೇಳಬೇಕು. ದೆಹಲಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರುತ್ತವೆ. ಆ ನಿರ್ಬಂಧ ಕರ್ನಾಟಕಕ್ಕೆ ಅನ್ವಯಿಸದು, ನಿಜ. ಆದರೆ ಹೊರರಾಜ್ಯದ ಕಾರಿಗೆ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಹೊಸದಾಗಿ ಜೀವಾವಧಿ ತೆರಿಗೆ ಕಟ್ಟಿ, ನಂಬರು ಬದಲಾಯಿಸುವಷ್ಟರಲ್ಲಿ ಅಗ್ಗದ ಸಂತೋಷ ಕರಗಿರುತ್ತದೆ.

50 ವರ್ಷ ಮೀರಿದ ಫಿಯೆಟ್ 1100 ಕೊಳ್ಳುವ ಹವ್ಯಾಸಿಗಳಿಗಾಗಿ 2021ರಲ್ಲಿ ವಿಂಟೇಜ್ ವಾಹನಗಳ ಪ್ರತ್ಯೇಕ ನೋಂದಣಿ ಜಾರಿಗೆ ಬಂದಿತು. ಹೀಗೆ ನೋಂದಣಿಯಾದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ.

ಖರ್ಚಿನ ಲೆಕ್ಕ

2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000ದಿಂದ 1500 ಸಿಸಿವರೆಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 3,416 ರೂಪಾಯಿ, ಶೇ. 18ರ ತೆರಿಗೆ ಸೇರಿದರೆ ಸುಮಾರು 4,030. ಪದ್ಮಿನಿ, ಪುಂಟೊ, 1.2 ಪಾಲಿಯೊ ಈ ವರ್ಗಕ್ಕೆ ಬರುತ್ತವೆ. 1500 ಸಿಸಿ ಮೀರಿದ 1.6 ಮತ್ತು 1.9 ಪಾಲಿಯೊಗೆ 7,897 ರೂಪಾಯಿ. ತೆರಿಗೆ ಸೇರಿ ಸುಮಾರು 9,320. ಲಕ್ಷ ರೂಪಾಯಿಗೂ ಬಾಳದ ಕಾರಿಗೆ ವಿಮೆಯೊಂದೇ ಇಷ್ಟಾಗುತ್ತದೆ ಎಂಬುದು ಹಲವರಿಗೆ ತಿಳಿಯುವುದು ಕೊಂಡ ಮೇಲೆ.

ಪೂರ್ಣ ವಿಮೆ ಮಾಡಿಸಿದರೂ 10 ವರ್ಷ ಮೀರಿದ ಕಾರಿನ ಲೋಹದ ಬಿಡಿಭಾಗಗಳ ಬೆಲೆಯಲ್ಲಿ ಶೇ. 50ರಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೂ ಹಾಗೆಯೇ. ಸಿಗದ ಬಿಡಿಭಾಗಕ್ಕೆ ವಿಮೆ ಹಣ ಬಂದರೂ ಬಿಡಿಭಾಗ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಕಾರಿಗೆಂದು ಎತ್ತಿಟ್ಟ ಹಣವನ್ನು ಮೂರು ಪಾಲು ಮಾಡಿ, ಎರಡು ಪಾಲಿಗೆ ಕಾರು ಕೊಂಡು, ಒಂದು ಪಾಲನ್ನು ಮೊದಲ ವರ್ಷದ ಕೆಲಸಕ್ಕೆ ಕಾಯ್ದಿರಿಸುವುದು ಸುರಕ್ಷಿತ ಲೆಕ್ಕ. ಒಂದೂವರೆ ಲಕ್ಷ ರೂಪಾಯಿ ಇದೆಯೆಂದಾದರೆ ಕಾರಿನ ಬೆಲೆ ಒಂದು ಲಕ್ಷ ಮೀರಬಾರದು. ಟೈರು, ಬ್ಯಾಟರಿ, ಕ್ಲಚ್, ಬುಷ್, ಎಲ್ಲ ಆಯಿಲ್‌ಗಳು, ನೋಂದಣಿ, ವಿಮೆ ಇವುಗಳಲ್ಲಿ ಅರ್ಧದಷ್ಟಾದರೂ ಮೊದಲ ವರ್ಷವೇ ಎದುರಾಗುವಂಥವು. ಸಾಲ ಮಾಡಿ ಹಳೆಯ ಫಿಯೆಟ್ ಕೊಳ್ಳುವುದಂತೂ ಸರಿಯಲ್ಲ. ಕಾರು ಗ್ಯಾರೇಜಿನಲ್ಲಿ ನಿಂತರೂ ಕಂತು ನಿಲ್ಲದು.

ತೆಂಗಿನ ತೋಟದಲ್ಲಿ ಕಾರು

ಈ ಸೀಮೆಯಲ್ಲಿ ಕಾರು ಸಾಕುವವರಿಗೆ ಕೆಲವು ವಿಶೇಷ ಎಚ್ಚರಿಕೆಗಳು ಬೇಕು. ಕೊಬ್ಬರಿ ಅಟ್ಟ, ಮಟ್ಟೆಯ ರಾಶಿ ಇರುವೆಡೆ ಇಲಿಗಳು ತಪ್ಪಿದ್ದಲ್ಲ. ಇಲಿಗೆ ಕೊಬ್ಬರಿಯಷ್ಟೇ ವೈರಿನ ಹೊದಿಕೆಯೂ ಪ್ರಿಯ. ಬೇರೆ ಕಾರಿನ ವೈರಿಂಗ್ ಕಡಿದರೆ ಹೊಸದು ತರಬಹುದು. ಪುಂಟೊದ ವೈರಿಂಗ್ ಕಡಿದರೆ ಒಂದೊಂದೇ ತಂತಿ ಹುಡುಕಿ ಬೆಸೆಯುವ ಎಲೆಕ್ಟ್ರಿಷಿಯನ್ ಬೇಕಾಗುತ್ತಾನೆ. ಕೊಬ್ಬರಿ ದಾಸ್ತಾನಿನ ಪಕ್ಕ ಕಾರು ನಿಲ್ಲಿಸದಿರುವುದು, ವಾರಕ್ಕೆರಡು ಬಾರಿಯಾದರೂ ಓಡಿಸುವುದು, ಬಾನೆಟ್ ತೆರೆದು ನೋಡುವುದು ಇದಕ್ಕೆ ಪರಿಹಾರ.

ನೆರಳಿದೆಯೆಂದು ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸಬಾರದೆಂಬುದು ಇಲ್ಲಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ನಗರದಿಂದ ಬರುವ ನೆಂಟರು ಇದನ್ನು ಮರೆಯುತ್ತಾರೆ. ಒಂದು ಕಾಯಿ ಬಿದ್ದರೆ ಒಡೆಯುವುದು ಪಾಲಿಯೊದ ಮುಂಗಾಜು. ಅದು ಸಿಗುವುದು ಯಾವಾಗಲೋ.

ರೇಡಿಯೇಟರ್‌ಗೆ ಕೊಳವೆ ಬಾವಿಯ ನೀರು ಸುರಿಯುವ ಅಭ್ಯಾಸ ಇನ್ನೊಂದು ತೊಡಕು. ಆಳದ ಬೋರ್‌ವೆಲ್‌ಗಳ ಗಡಸು ನೀರಿನಲ್ಲಿರುವ ಲವಣ ರೇಡಿಯೇಟರ್ ಕೊಳವೆಗಳಲ್ಲಿ ಕಟ್ಟಿಕೊಂಡು ಎಂಜಿನ್ ಕಾಯುತ್ತದೆ. ಡಬ್ಬಿಯಲ್ಲಿ ಬರುವ ಕೂಲೆಂಟ್ ದುಬಾರಿ ಎನಿಸಿದರೂ ಎಂಜಿನ್ನಿನ ಹೆಡ್ ಕೆಲಸಕ್ಕಿಂತ ಅಗ್ಗ. ಮಣ್ಣುರಸ್ತೆಯ ದೂಳಿಗೆ ಏರ್ ಫಿಲ್ಟರನ್ನೂ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಾಯಿಸಬೇಕು.

ಯಾರು ಕೊಳ್ಳಬಹುದು, ಯಾರು ಕೊಳ್ಳಬಾರದು?

ಒಟ್ಟಿನಲ್ಲಿ, ಮನೆಯಲ್ಲಿ ಮತ್ತೊಂದು ವಾಹನವಿದ್ದು, ಮಲ್ಟಿಜೆಟ್ ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದು, ಬೆಂಗಳೂರಿಗೆ ಆಗಾಗ ಹೋಗಿಬರುವ ರೂಢಿಯಿರುವವರಿಗೆ ಪೂರ್ತಿ ಅಂಗಾಂಗಗಳುಳ್ಳ ಒಂದು ಪುಂಟೊ ಡೀಸೆಲ್ ಕೊಟ್ಟ ಹಣಕ್ಕಿಂತ ಹೆಚ್ಚಿನ ಸುಖ ಕೊಡಬಲ್ಲದು. ಹಳೆಯ ಯಂತ್ರದ ಮೇಲೆ ಅಕ್ಕರೆಯಿದ್ದು, ಭಾನುವಾರ ಕೈ ಕೊಳೆ ಮಾಡಿಕೊಳ್ಳಲು ಬೇಸರವಿಲ್ಲದವರಿಗೆ ಪದ್ಮಿನಿಯೂ ಸರಿಯೇ.

ಆದರೆ ಮನೆಗೆ ಒಂದೇ ಕಾರು, ಅದೂ ವಯಸ್ಸಾದ ತಂದೆತಾಯಿಯ ಆಸ್ಪತ್ರೆ ಓಡಾಟಕ್ಕೆ ಎಂದಾದರೆ, ಅಷ್ಟೇ ಹಣಕ್ಕೆ ಇನ್ನಷ್ಟು ಹಳೆಯದಾದ, ಇನ್ನಷ್ಟು ಚಿಕ್ಕದಾದ ಮಾರುತಿಯೇ ವಾಸಿ. ಅದರ ಬಾಗಿಲು ಧಡ್ ಎಂದು ಮುಚ್ಚಿಕೊಳ್ಳದಿರಬಹುದು. ಆದರೆ ಕೆಟ್ಟರೆ ಹೊಸ ಬಾಗಿಲು ತಿಪಟೂರಿನಲ್ಲೇ ಸಿಗುತ್ತದೆ.